ಜುಟ್ಟಿಗೊಂದು ನಕ್ಷತ್ರ

ಮುಚ್ಚಳ ಕೂರಲಿಲ್ಲ.

ಚಿತ್ರಾ ಮತ್ತೊಮ್ಮೆ ಒತ್ತಿದಳು. ಅವಳು ಮಾದರಿಗೆ ತಂದಿದ್ದ ಕಾಗದದ ಪೆಟ್ಟಿಗೆಯೊಳಗಿದ್ದ ತೆಂಗಿನಕಾಯಿಯ ಜುಟ್ಟು ಅಷ್ಟೇ ಹಟದಿಂದ ಅದನ್ನು ಮೇಲಕ್ಕೆ ತಳ್ಳಿತು. ಮೂರನೆಯ ಸಲ ಒತ್ತಿದಾಗ ಮುಚ್ಚಳದ ಒಂದು ಮೂಲೆ ಹರಿದೇಹೋಯಿತು. ಹಳೇಬೀಡಿನ ಆ ಮನೆಯ ಹಜಾರದಲ್ಲಿ ಕೂತಿದ್ದ ಎಲ್ಲರಿಗೂ ಆ ಸದ್ದು ಕೇಳಿಸಿತು.

"ಜುಟ್ಟು ಬಿಟ್ಟವನಿಗೆ ಟೋಪಿ ಹಿಡಿಸೋಲ್ಲಮ್ಮ," ಎಂದು ನಕ್ಕರು ಯೋಗನರಸಿಂಹ. ಬೇಲೂರಿನಲ್ಲಿ ದೇವಸ್ಥಾನದ ಕಚೇರಿಯ ಗುಮಾಸ್ತರಾಗಿದ್ದು ನಿವೃತ್ತರಾದವರು. ತಂಗಿಯ ಮಗಳ ಮದುವೆಯಲ್ಲಿ ಯಾವುದು ಸರಿ, ಯಾವುದು ಸರಿಯಲ್ಲ ಎಂದು ಹೇಳುವ ಅಧಿಕಾರವನ್ನು ಯಾರೂ ಕೊಡದಿದ್ದರೂ ವಹಿಸಿಕೊಂಡಿದ್ದರು. ಅವರ ತಂಗಿ ವೇದವಲ್ಲಿ ಹಿಂದೆ ಅರಸೀಕೆರೆಯ ಹೈಸ್ಕೂಲಿನಲ್ಲಿ ಚಿತ್ರಾಳಿಗೆ ಪಾಠ ಹೇಳಿದ ಟೀಚರ್. ಅವರು ನಗಲಿಲ್ಲ. ಮದುಮಗಳು ರಂಜನಾ ಹರಿದ ಮೂಲೆಯನ್ನು ಬೆರಳುಗಳಲ್ಲಿ ಕೂಡಿಸಿ ಹಿಡಿದಳು, ಹಾಗೆ ಹಿಡಿದರೆ ಅಂಟಿಕೊಂಡೀತು ಎಂಬ ಆಸೆಯಿಂದ.

"ಮಿಸ್, ನಾನು ಕಾಯಿ ಇಟ್ಕೊಂಡೇ ಅಳತೆ ತಗೊಂಡಿದ್ದು."

"ಬೋಳುಕಾಯಿ ಇಟ್ಕೊಂಡಿದ್ದೀಯ ಚಿತ್ರಾ. ತಾಂಬೂಲಕ್ಕೆ ಜುಟ್ಟಿಲ್ಲದ ಕಾಯಿ ಕೊಡೋಕಾಗತ್ತಾ? ಬಂದವರು ಏನಂದ್ಕೋತಾರೆ?"

ಚಿತ್ರಾಳ ಮುಖ ಬಿಸಿಯಾಯಿತು. ಹೌದಲ್ಲ! ಇಷ್ಟು ದೊಡ್ಡ ವಿಷಯ ತನಗೆ ಹೊಳೆಯಲೇ ಇಲ್ಲವಲ್ಲ! ಚಿತ್ರಾಳ ಮನೆಯಲ್ಲಿ ದೇವರಿಗೆ ಕಾಯಿ ಒಡೆಯುವುದು ಅಜ್ಜಿಯ ಕಾಲಕ್ಕೇ ನಿಂತಿತ್ತು. ಗೋಡೆಯ ಮೇಲಿದ್ದ ಬುದ್ಧನಿಗೆ ಹೂವು, ಒಂದು ದೀಪ, ಅಷ್ಟೇ. ಕಾಯಿ ಬರುತ್ತಿದ್ದದ್ದು ಸಾರಿಗೆ, ಚಟ್ನಿಗೆ. ಅದಕ್ಕೆ ಜುಟ್ಟು ಯಾಕೆ?

"ಹಳೇ ಪದ್ಧತಿಯಂತೆ ಬಟ್ಟೆ ಚೀಲವೇ ಇರಲಿ ಬಿಡು," ಎಂದರು ಯೋಗನರಸಿಂಹ ತಂಗಿಯ ಕಡೆ ತಿರುಗಿ. "ನಾಳೆ ಸಾಯಂಕಾಲ ಬೇಲೂರಿಗೆ ವಾಪಸ್ ಹೋಗ್ತೀನಲ್ಲ, ಅಂಗಡಿಯವನಿಗೆ ಹೇಳಿಬಿಡ್ತೀನಿ."

"ಸರ್, ನಾಳೆ ಮಧ್ಯಾಹ್ನದವರೆಗೆ ಟೈಮ್ ಕೊಡಿ," ಎಂದಳು ಚಿತ್ರಾ. ಹೇಳಿದ ಮೇಲೆ ತನ್ನ ದನಿ ಕೇಳಿ ತನಗೇ ಆಶ್ಚರ್ಯವಾಯಿತು.

ಕೇಳದೆ ಬೇರೆ ದಾರಿಯೂ ಇರಲಿಲ್ಲ. ಅರಸೀಕೆರೆಯ ಲಕ್ಕಪ್ಪನವರ ಪ್ರೆಸ್ಸಿನಲ್ಲಿ ಅವಳು ಆರು ವರ್ಷದಿಂದ ಮದುವೆ ಕಾಗದ ಮಡಿಸುತ್ತಿದ್ದಳು. ಹೋದ ವರ್ಷ ಲಕ್ಕಪ್ಪ ಯಾರದೋ ಮಾತು ಕೇಳಿ ಕೈಯಲ್ಲಿ ತಿರುಗಿಸುವ ಒಂದು ಡೈ ಕಟಿಂಗ್ ಮಷಿನ್ ತಂದಿದ್ದರು. ಉಕ್ಕಿನ ಅಚ್ಚನ್ನು ಕಾಗದದ ಮೇಲಿಟ್ಟು, ಮೇಲೊಂದು ಕೆಳಗೊಂದು ಹಲಗೆ ಕೊಟ್ಟು ಹಿಡಿ ತಿರುಗಿಸಿದರೆ, ಎರಡು ಉರುಳೆಗಳ ನಡುವೆ ನುಸುಳಿ ಆಚೆ ಬರುವಷ್ಟರಲ್ಲಿ ಹೂವೋ ಬಳ್ಳಿಯೋ ನಕ್ಷತ್ರವೋ ಕತ್ತರಿಸಿ ಬಿದ್ದಿರುತ್ತಿತ್ತು. ಅದನ್ನು ಮುಟ್ಟಿದವಳು ಚಿತ್ರಾ ಒಬ್ಬಳೇ. ಊಟದ ಬಿಡುವಿನಲ್ಲಿ ರದ್ದಿ ಕಾಗದ ಹಾಕಿ ಹಾಕಿ ಕಲಿತಳು. ಮನೆಗೆ ತಂದ ಮೊದಲ ಪೆಟ್ಟಿಗೆಯನ್ನು ನೋಡಿ ಅವ್ವ ಮುನಿಯಮ್ಮ, "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವ," ಎಂದು ನಕ್ಕು, ಆಮೇಲೆ ಅದರಲ್ಲೇ ತನ್ನ ಓಲೆ ಇಟ್ಟುಕೊಂಡಿದ್ದಳು.

ಲಕ್ಕಪ್ಪನವರದು ಮಾತ್ರ ಖಡಾಖಂಡಿತ. "ನೋಡು ತಾಯಿ, ಸೋಮವಾರ ಹಾಸನದೋನು ಬಂದು ಮಷಿನ್ ತಗೊಂಡೋಯ್ತಾನೆ. ಅದರೊಳಗೆ ಒಂದು ಮದುವೆ ಆರ್ಡರ್ ತಂದ್ರೆ ಮಷಿನ್ನು ನಿಂದೇ, ಆ ಕೆಲಸ ಪೂರ್ತಿ ನಿಂದೇ. ತರ್ಲಿಲ್ವಾ, ಕಾಗ್ದ ಮಡಿಸ್ಕೊಂಡಿರು."

ಇವತ್ತು ಶನಿವಾರ.

ಜಾವಗಲ್ ಮೇಲೆ ಅರಸೀಕೆರೆಗೆ ವಾಪಸ್ ಬರುವ ಬಸ್ಸಿನಲ್ಲಿ ಅವಳು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಗೋರಂಟಿ ಬಣ್ಣದ ದಪ್ಪ ಕಾಗದ, ನಾಲ್ಕು ಬದಿಗೂ ಬಳ್ಳಿಯ ಕಿಟಕಿ, ಮುಚ್ಚಳದ ನಡುವೆ ಹದಿನಾರು ಮೂಲೆಯ ಚಿನ್ನದ ಬಣ್ಣದ ನಕ್ಷತ್ರ. ಸ್ಕೂಲಿನಿಂದ ಹಳೇಬೀಡಿಗೆ ಕರೆತಂದಾಗ ಇದೇ ವೇದವಲ್ಲಿ ಮಿಸ್ಸು ದೇವಸ್ಥಾನದ ಜಗತಿಯ ಸುತ್ತ ನಡೆಸಿ ಮೂಲೆಗಳನ್ನು ಎಣಿಸಲು ಹೇಳಿದ್ದರು. ಚಿತ್ರಾ ಪ್ರತಿ ಸಲವೂ ಲೆಕ್ಕ ತಪ್ಪಿ ಬೈಸಿಕೊಂಡಿದ್ದಳು.

ಪ್ರೆಸ್ಸಿಗೆ ಬಂದು ಎತ್ತರದ ಪೆಟ್ಟಿಗೆಯೊಂದನ್ನು ಮಾಡಿ ನೋಡಿದಳು. ಅದು ಪೆಟ್ಟಿಗೆಯಾಗಲಿಲ್ಲ, ಸೇರಿನ ಡಬ್ಬವಾಯಿತು. ಒಳಗೆ ಕಾಯಿ ಗಡಗಡ ಉರುಳಿತು. ಇನ್ನೊಂದು ಮಾಡಿದಳು, ಅದೂ ಅಷ್ಟೇ. ಗೋರಂಟಿ ಬಣ್ಣದ ಹಾಳೆ ಇನ್ನು ಎರಡೇ ಉಳಿದವು. ಅವಳಿಗೆ ಅಳು ಬಂತು. ಅಳುವುದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಅಪ್ಪನ ಮೇಲೆ.

ಅಳತೆಗೆ ಕಾಯಿ ಕೊಟ್ಟವನು ಅಪ್ಪ ಹನುಮಯ್ಯನೇ. ಮೂವತ್ತೈದು ವರ್ಷ ಪೇಟೆಯ ಮಂಡಿಯಲ್ಲಿ ಕಾಯಿ ಸುಲಿದ ಕೈ. ಮಗಳು ಕೇಳಿದ್ದಾಳೆಂದು ನಾರೆಲ್ಲ ಕಿತ್ತು, ಚಿಪ್ಪನ್ನು ಹೆರೆದು, ಕನ್ನಡಿಯ ಹಾಗೆ ಮಾಡಿ ಕೊಟ್ಟಿದ್ದ. ಹೋಟೆಲಿಗೂ ಅಷ್ಟು ನಯ ಮಾಡಿ ಕೊಟ್ಟವನಲ್ಲ.

ಸಂಜೆ ಐದಕ್ಕೆ ಅವನೇ ಪ್ರೆಸ್ಸಿನ ಬಾಗಿಲಲ್ಲಿ ನಿಂತಿದ್ದ. ಎರಡು ಕೈಯಲ್ಲೂ ನಾಲ್ಕು ನಾಲ್ಕು ಕಾಯಿ ತೂಗುತ್ತಿದ್ದವು. ಚಿತ್ರಾ ಅವ್ವನಿಗೆ ಫೋನಿನಲ್ಲಿ ಹೇಳಿದ್ದು ಅವನ ಕಿವಿಗೂ ಬಿದ್ದಿತ್ತು.

"ತಪ್ಪು ನಂದು ಕಣವ್ವ," ಎಂದ. "ದೇವರ ಕಾಯಿಗೆ ಜುಟ್ಟು ಇರಬೇಕು ಅಂತ ನಂಗೊತ್ತಿಲ್ವಾ? ನಮ್ಮ ಮಗೀಗೆ ಅಂದ ತಕ್ಷಣ ಕೈ ನಿಲ್ಲಲಿಲ್ಲ. ಚೆಂದ ಮಾಡಿ ಕೊಡಾನ ಅಂತ ಕಿತ್ತಾಕ್ಬಿಟ್ಟೆ."

ಬೈಯಬೇಕೆಂದು ಬಾಯಿ ತೆರೆದಿದ್ದ ಚಿತ್ರಾಳ ಕಣ್ಣು ಅವನ ಕೈಗಳ ಮೇಲೆ ನಿಂತಿತು. ಅವನು ಕಾಯಿಗಳನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಎಂಟೂ ಜುಟ್ಟುಗಳು ಅವನ ಮುಷ್ಟಿಯೊಳಗಿದ್ದವು. ಕೆಳಗೆ ಗುಂಡಗೆ ಕಾಯಿ, ಮೇಲೆ ಬಿಗಿಯಾದ ಬೆರಳು, ಬೆರಳ ಸಂದಿಯಿಂದ ಆಚೆ ಇಣುಕಿದ ನಾರು. ಒಂದೂ ಅಲುಗುತ್ತಿರಲಿಲ್ಲ.

"ಅಪ್ಪಾ, ಅಲ್ಲಾಡ್ಬೇಡ. ಹಂಗೇ ನಿಂತ್ಕೊ!"

"ಯಾಕವ್ವ? ಕೈ ಸೋತೈತೆ."

"ಒಂದ್ನಿಮಿಷ ಕಣಪ್ಪ!"

ಜುಟ್ಟನ್ನು ಒಳಗೆ ಅಡಗಿಸಲು ಬೆಳಗಿನಿಂದ ಒದ್ದಾಡಿದ್ದಳು. ಅಡಗಿಸುವುದು ಯಾಕೆ? ಅಚ್ಚಿನ ಡಬ್ಬಿಯಲ್ಲಿ ಒಂದರೊಳಗೊಂದು ಕೂರುವ ಐದು ನಕ್ಷತ್ರಗಳಿದ್ದವು. ಇಷ್ಟು ದಿನ ನಕ್ಷತ್ರವನ್ನು ಕತ್ತರಿಸಿ ಮುಚ್ಚಳದ ಮೇಲೆ ಅಂಟಿಸುತ್ತಿದ್ದಳು. ಈಗ ಎಲ್ಲಕ್ಕಿಂತ ಸಣ್ಣದನ್ನು ಮುಚ್ಚಳದ ನಡುವೆಯೇ ಇಟ್ಟು ಹಿಡಿ ತಿರುಗಿಸಿದಳು. ಮಷಿನ್ನು ಕಿರ್ರೆಂದಿತು, ಹಲಗೆ ಆಚೆ ಬಂತು. ಮುಚ್ಚಳದಲ್ಲಿ ಹದಿನಾರು ಮೂಲೆಯ ಬಾಯಿ ಬಿಟ್ಟುಕೊಂಡಿತ್ತು. ಉಳಿದ ಅಚ್ಚುಗಳಿಂದ ನಕ್ಷತ್ರದ ಬಳೆಗಳನ್ನು ಕತ್ತರಿಸಿ, ದೊಡ್ಡದರ ಮೇಲೆ ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು ಎಂದು ಬಾಯಿಯ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಅಂಟಿಸಿದಳು. ಕಾಯಿ ಇಟ್ಟು ಮುಚ್ಚಳ ಇಳಿಸಿದಳು. ಜುಟ್ಟು ಬಾಯಿಂದ ನೆಟ್ಟಗೆ ಹೊರಬಂತು. ಕಾಗದದ ಮೂಲೆಗಳು ಸ್ವಲ್ಪ ಬಾಗಿ ಕಾಯಿಯ ಹೆಗಲನ್ನು ಹಿಡಿದುಕೊಂಡವು. ಮುಚ್ಚಳ ಟಪ್ಪೆಂದು ಕೂತಿತು.

ಹನುಮಯ್ಯ ಪೆಟ್ಟಿಗೆಯನ್ನು ಒಂದು ಸುತ್ತು ನೋಡಿದ. "ಗುಡಿ ಆಯ್ತಲ್ಲವ್ವ," ಎಂದ. "ಮ್ಯಾಗೆ ಕಳಸಾನೂ ಐತೆ."

ಭಾನುವಾರ ಅಪ್ಪ ಮಗಳು ಇಬ್ಬರೂ ಹಳೇಬೀಡಿಗೆ ಹೋದರು. ಹನುಮಯ್ಯ ಕಾಯಿಯ ಚೀಲ ಇಳಿಸಿ, ಅಭ್ಯಾಸಬಲದಿಂದ ಹೊರಗೆ ಜಗಲಿಯ ಮೇಲೇ ಕೂತ. ಒಳಗೆ ಯೋಗನರಸಿಂಹ ಪೆಟ್ಟಿಗೆಯನ್ನು ಎತ್ತಿ, ತಿರುಗಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ. ಮುಚ್ಚಳ ತೆಗೆದರು, ಹಾಕಿದರು. ಮತ್ತೆ ತೆಗೆದು ಹಾಕಿದರು. ತಪ್ಪು ಸಿಗದಿದ್ದಾಗ ಮನುಷ್ಯನಿಗೆ ಆಗುವ ಕಸಿವಿಸಿ ಅವರ ಮುಖದ ಮೇಲೆ ಕಾಣಿಸಿತು.

"ಇದೊಂದು ಕಾಯಿಗೆ ಸರಿಹೋಯ್ತು. ಇನ್ನೂರೈವತ್ತು ಕಾಯೂ ಒಂದೇ ಗಾತ್ರ ಇರತ್ತೇನಮ್ಮ?"

"ಅಪ್ಪ ಆರಿಸ್ಕೊಡ್ತಾರೆ ಸರ್. ಕೈಗೆ ತಗೊಂಡ್ರೆ ಅವ್ರಿಗೆ ಗೊತ್ತಾಗತ್ತೆ."

"ಎಲ್ಲಿದ್ದಾರೆ ನಿಮ್ಮಪ್ಪ?" ಎಂದು ಕೇಳಿದ ವೇದವಲ್ಲಿ ತಾವೇ ಎದ್ದು ಬಾಗಿಲಿಗೆ ಹೋದರು. "ಇಲ್ಯಾಕೆ ಕೂತಿದ್ದೀರಿ ಹನುಮಯ್ಯನೋರೆ? ಒಳಗೆ ಬನ್ನಿ."

ಒಳಗೆ ಬಂದ ಹನುಮಯ್ಯನ ಮುಂದೆ ರಂಜನಾ ಅಡುಗೆಮನೆಯ ಮೂಲೆಯಲ್ಲಿದ್ದ ಕಾಯಿಗಳನ್ನೆಲ್ಲ ತಂದು ಸುರಿದಳು. ಅವನು ಪಂಚೆ ಮೇಲೆತ್ತಿ ಕುಕ್ಕರುಗಾಲಲ್ಲಿ ಕೂತು, ನೋಡದೆಯೇ ಒಂದೊಂದನ್ನೂ ಅಂಗೈಯಲ್ಲಿ ತೂಗಿ, "ಆಯ್ತದೆ, ಆಗಕ್ಕಿಲ್ಲ, ಆಯ್ತದೆ," ಎಂದು ಎರಡು ಪಾಲು ಮಾಡಿದ. ಯೋಗನರಸಿಂಹ ಒಂದನ್ನೂ ಬಿಡದೆ ಪೆಟ್ಟಿಗೆಯಲ್ಲಿಟ್ಟು ಪರೀಕ್ಷಿಸಿದರು. ಆಯ್ತದೆ ಎಂದದ್ದಕ್ಕೆಲ್ಲ ಮುಚ್ಚಳ ಟಪ್ಪೆಂದಿತು. ಆಗಕ್ಕಿಲ್ಲ ಎಂದ ಒಂದನ್ನು ಅವರು ಹಟಕ್ಕೆ ಬಿದ್ದು ತುರುಕಿದರು. ಅದು ಒಳಗೇ ಹೋಗಲಿಲ್ಲ. ರಂಜನಾ ತಡೆಯಲಾರದೆ ಚಪ್ಪಾಳೆ ತಟ್ಟಿಬಿಟ್ಟಳು.

"ಸರಿಯಪ್ಪ, ಸೋತೆ," ಎಂದು ಯೋಗನರಸಿಂಹ ನಕ್ಕರು. ಈ ಸಲದ ನಗು ಚೆನ್ನಾಗಿತ್ತು. "ಇನ್ನೂರೈವತ್ತು ಮಾಡಮ್ಮ. ಕಾಯಿ ನಿಮ್ಮಪ್ಪನದೇ ಇರಲಿ. ಪೆಟ್ಟಿಗೆ ತಳದಲ್ಲಿ ನಿನ್ನ ಹೆಸರು ಹಾಕು. ಬಂದವರು ಯಾರು ಮಾಡಿದ್ದು ಅಂತ ನನ್ನನ್ನೇ ಕೇಳ್ತಾ ಕೂತ್ರೆ ನಾನು ಊಟ ಮಾಡೋದು ಯಾವಾಗ?"

ಆಮೇಲೆ ಅವರು ಆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ನಡೆದರು. ದೇವರ ಮನೆಯಲ್ಲಿ, ಮೊದಲ ಲಗ್ನಪತ್ರಿಕೆಯ ಪಕ್ಕ ಅದನ್ನಿಟ್ಟು ಬಂದರು. ಚಿತ್ರಾಳ ಎದೆ ಉಬ್ಬಿ ಬಂತು. ಹೈಸ್ಕೂಲಿನ ಹುಡುಗಿಯ ಹಾಗೆ ಮಿಸ್ಸಿನ ಮುಖ ನೋಡಿದಳು.

"ಹದಿನಾರು ಮೂಲೆ ತಾನೆ?" ಎಂದರು ವೇದವಲ್ಲಿ.

"ಎಣಿಸ್ಕೊಳ್ಳಿ ಮಿಸ್."

ಸೋಮವಾರ ಹಾಸನದವನು ಬರಿಗೈಯಲ್ಲಿ ಹೋದ. ಮದುವೆಯ ದಿನ ತಾಂಬೂಲ ತೆಗೆದುಕೊಂಡವರು ಪೆಟ್ಟಿಗೆಗಳನ್ನು ತಲೆಕೆಳಗು ಮಾಡಿ ಹೆಸರು ಓದಿದರು. ಆ ವಾರವೇ ಗಂಡಸಿಯಿಂದ ಒಂದು, ಬೇಲೂರಿನಿಂದ ಎರಡು ಆರ್ಡರ್ ಬಂದವು. ಲಕ್ಕಪ್ಪನವರು ಮಷಿನ್ನಿನ ಪಕ್ಕಕ್ಕೆ ಹೊಸ ಟೇಬಲ್ ಹಾಕಿಸಿಕೊಟ್ಟರು.

ಹನುಮಯ್ಯನಿಗೂ ತಾಂಬೂಲ ಕೊಟ್ಟಿದ್ದರು. ಆ ಪೆಟ್ಟಿಗೆಯನ್ನು ಅವನು ಬುದ್ಧನ ಪಟದ ಕೆಳಗಿನ ಶೆಲ್ಫಿನಲ್ಲಿಟ್ಟ. ಹತ್ತು ದಿನ ಕಳೆದ ಮೇಲೆ ಮುನಿಯಮ್ಮ, "ಕಾಯಿ ಕೊಳ್ತೋಯ್ತದೆ, ಸಾರಿಗಾದ್ರೂ ಕೊಡು," ಎಂದು ಕೈ ಚಾಚಿದಳು. ಹನುಮಯ್ಯ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಮೂಲೆಯ ಅಂಗಡಿಗೆ ಬೇರೆ ಕಾಯಿ ತರಲು ಹೋದ.