ಕಹಳೆಯ ಮೀಸೆ

ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನಿಗೆ ಎಲ್ಲರೂ ಇಟ್ಟ ಹೆಸರು ಕಹಳೆ. ಈರುಳ್ಳಿ ರಾಶಿಯ ಮುಂದೆ ನಿಂತು ಅವನು ಬಾಯಿ ಬಿಟ್ಟರೆ ಗೇಟಿನಾಚೆ ನಿಂತ ಲಾರಿಯವನಿಗೂ ಆ ದಿನದ ಬೆಲೆ ಗೊತ್ತಾಗುತ್ತಿತ್ತು. ಅಂಥವನ ಹೆಂಡತಿಗೆ ಕಿವಿ ಮಂದ ಎಂದರೆ ಮಂಡಿಯವರು ನಗುತ್ತಿದ್ದರು. "ಇವನ ಜೊತೆ ಬಾಳಿದ್ರೆ ಇನ್ನೇನಾಗುತ್ತೆ!"

ಪಾಪ, ತಪ್ಪು ಅವನದಲ್ಲ. ಅವಳ ಕಿವಿಯನ್ನು ತಿಂದದ್ದು ಮಗ್ಗದ ಕಾರ್ಖಾನೆ. ಆ ಗದ್ದಲದಲ್ಲಿ ಹೆಂಗಸರು ದನಿಯಿಲ್ಲದೆ ಬರೀ ತುಟಿಯಲ್ಲೇ ಮಾತಾಡುತ್ತಿದ್ದರು. ಶೆಡ್ಡಿನ ಆ ತುದಿಯಲ್ಲಿ ಯಾರು ಯಾರ ಅತ್ತೆಯನ್ನು ಬೈದರೂ ಈ ತುದಿಯಲ್ಲಿ ಅವಳಿಗೆ ತಿಳಿಯುತ್ತಿತ್ತು. ಅವಳಿಗೆ ತಿಳಿಯದ ಬಾಯಿ ಲೋಕದಲ್ಲಿ ಒಂದೇ, ಗಂಡನದು. ಎರಡೂ ತುಟಿ ಮುಚ್ಚುವಂತೆ ಇಳಿಬಿದ್ದ ಮೀಸೆ ಅವನದು. ಆದರೇನು, ಅವನ ದನಿ ಮಾತ್ರ ಅವಳ ಕಿವಿಗೆ ಹೇಗೋ ದಾರಿ ಮಾಡಿಕೊಂಡು ಹೋಗುತ್ತಿತ್ತು. ಬಚ್ಚಲಿನಿಂದ "ಟವೆಲ್ ಎಲ್ಲೇ?" ಎಂದು ಅವನು ಕೂಗಿದರೆ ಅಡುಗೆಮನೆಯಿಂದ "ಕಣ್ಣಿಲ್ವಾ ನಿಮ್ಗೆ?" ಎಂದು ಇವಳು ಕೂಗುತ್ತಿದ್ದಳು. ಮೂವತ್ತು ವರ್ಷದ ಸಂಸಾರ ಹೀಗೇ ನಡೆದಿತ್ತು.

ಆಮೇಲೊಂದು ದಿನ ಕಹಳೆಯ ಗಂಟಲಲ್ಲಿ ಮೊದಲು ಗಟ್ಟಿ ತುತ್ತು ಸಿಕ್ಕಿಕೊಂಡಿತು, ಆಮೇಲೆ ಮೆತ್ತನೆಯದು, ಕೊನೆಗೆ ನೀರು. ಅನ್ನನಾಳದಲ್ಲಿ ಗಡ್ಡೆ ಎಂದರು. ಔಷಧಿ ಕೊಟ್ಟು ಅದನ್ನು ಕುಗ್ಗಿಸಿದ ಮೇಲೆ, ಆಪರೇಷನ್ ಮಾಡುವ ಡಾಕ್ಟರಮ್ಮ ಇಬ್ಬರನ್ನೂ ಎದುರು ಕೂರಿಸಿಕೊಂಡು, ಹೆಂಡತಿಗೆ ತುಟಿ ಕಾಣಲೆಂದು ಮಾಸ್ಕ್ ಇಳಿಸಿದಳು.

"ಅನ್ನನಾಳ ತೆಗೀಲೇಬೇಕು. ಹೊಟ್ಟೆಯ ಚೀಲವನ್ನೇ ಕೊಳವೆ ಥರ ಮಾಡಿ ಮೇಲಕ್ಕೆಳೆದು ಹೊಲೀತೀವಿ. ಎಲ್ಲಿ ಹೊಲಿಯೋದು ಅನ್ನೋದೇ ಪ್ರಶ್ನೆ. ಎದೆ ತೆರೆದು ಒಳಗೇ ಹೊಲಿದ್ರೆ ದನಿಗೆ ಅಪಾಯ ಕಮ್ಮಿ. ಆದ್ರೆ ಬೀಡಿ ಸೇದಿ ಇವರ ಶ್ವಾಸಕೋಶ ಸೋತಿದೆ. ಹೊಲಿಗೆ ಸೋರಿದ್ರೆ ಎದೆಯೊಳಗೇ ಸೋರುತ್ತೆ, ಜೀವಕ್ಕೇ ಅಪಾಯ. ಇನ್ನೊಂದು ದಾರಿ, ಎದೆ ತೆರೆಯದೆ ಹೊಟ್ಟೆ ಮತ್ತು ಕುತ್ತಿಗೆ ಕೊಯ್ದು ಮಾಡೋದು. ಸೋರಿದ್ರೂ ಕುತ್ತಿಗೇಲಿ ಸಂಭಾಳಿಸಬಹುದು. ಆದ್ರೆ ದನಿಯ ನರ ಅಲ್ಲೇ ಪಕ್ಕದಲ್ಲಿದೆ. ಪೆಟ್ಟಾದ್ರೆ ದನಿ ಹೋಗುತ್ತೆ. ಕೆಲವರಿಗೆ ವಾಪಸ್ ಬರುತ್ತೆ, ಕೆಲವರಿಗಿಲ್ಲ."

"ಎದೆ" ಎಂದ ಕಹಳೆ.

"ಕುತ್ತಿಗೆ" ಎಂದಳು ಅವಳು.

ಮನೆಗೆ ಬಂದರೂ ಜಗಳ ಮುಗಿಯಲಿಲ್ಲ. "ನಿಂಗೆ ಕೇಳಿಸೋದು ಇದೊಂದೇ ದನಿ ಕಣೇ. ಅದನ್ನೂ ಕೊಯ್ಸಿಬಿಡು ಅಂತೀಯಲ್ಲ!"

"ಕೇಳಿಸದಿದ್ರೆ ಬೇಡ. ಕಣ್ಣೆದುರು ಇರಿ, ಸಾಕು."

ಹರಾಜಿನಲ್ಲಿ ಯಾರಿಗೂ ಸೋಲದವನು ಇಲ್ಲಿ ಸೋತ. ಆಪರೇಷನ್ನಿನ ಬೆಳಿಗ್ಗೆ, ಬಾಯಿಯ ನಳಿಕೆಗೆ ಪಟ್ಟಿ ಅಂಟಿಸಲು ಮೀಸೆ ಅಡ್ಡ ಬರುತ್ತದೆಂದು ನರ್ಸ್ ರೇಜರ್ ಹಿಡಿದು ಬಂದರೆ, "ಕುತ್ತಿಗೆ ಕೊಟ್ಟಿದ್ದೀನಲ್ಲಮ್ಮಾ, ಮೀಸೆ ಕೊಡಲ್ಲ" ಎಂದು ವಾರ್ಡಿಗೆಲ್ಲ ಕೇಳುವಂತೆ ಗದರಿದ. ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ, ಆ ಜಾತಿ. ಅವಳು ನಕ್ಕಳು. ಅವನ ದನಿ ಅವಳಿಗೆ ಕೇಳಿಸಿದ್ದು ಅದೇ ಕೊನೆ.

ಎಚ್ಚರವಾದ ಮೇಲೆ ಅವನ ಬಾಯಿಂದ ಬಂದದ್ದು ಬರೀ ಗಾಳಿ. ಕುತ್ತಿಗೆಯ ಹೊಲಿಗೆ ಸೋರಿತು ಕೂಡ. ಗಾಯ ಬಿಚ್ಚಿ, ದಿನವೂ ಪಟ್ಟಿ ಬದಲಿಸಿ, ಕರುಳಿಗೆ ಹಾಕಿದ ನಳಿಕೆಯಲ್ಲಿ ಆಹಾರ ಬಿಟ್ಟು ಮಾಯಿಸಿದರು. "ಎದೆಯಲ್ಲಿ ಸೋರಿದ್ದಿದ್ರೆ ನಾನಿಷ್ಟು ನಿರಾಳವಾಗಿ ಮಾತಾಡ್ತಿರಲಿಲ್ಲ" ಎಂದಳು ಡಾಕ್ಟರಮ್ಮ. ತನ್ನ ಹಟವೇ ಸರಿಯಾಯಿತೆಂದು ಅವಳಿಗೆ ಸಮಾಧಾನವೇನೂ ಆಗಲಿಲ್ಲ.

ಮನೆಗೆ ಮರಳಿದ ಮೇಲೆ, ಆರೈಕೆಗೆಂದು ಗಂಡನ ಮನೆಯಿಂದ ಬಂದ ಮಗಳು ಇರುವಷ್ಟು ದಿನ ಅಪ್ಪನ ಬಾಯಿಗೆ ಕಿವಿ ಕೊಟ್ಟು ಅಮ್ಮನಿಗೆ ತಿಳಿಸಿದಳು. "ಅಮ್ಮಾ, ಅಪ್ಪಂಗೆ ಇನ್ನೊಂದು ದಿಂಬು ಬೇಕಂತೆ. ಚಪ್ಪಟೆ ಮಲಗಿದ್ರೆ ಹುಳಿನೀರು ಬಾಯಿಗೆ ಬರುತ್ತಂತೆ." ಕಟ್ಟಿಕೊಂಡ ಗಂಡನ ಮಾತು ಅವಳಿಗೆ ಬೇರೆಯವರ ಬಾಯಿಂದ ಸಿಗಬೇಕಾಯಿತು. ಆಮೇಲೆ ಮಗಳು ತನ್ನ ಮನೆಗೆ ಹೋದಳು. ಬರೆದು ತೋರಿಸೋಣವೆಂದರೆ ಇವಳಿಗೆ ಓದು ಬಾರದು. ಅವನು ಮೀಸೆ ಅಲ್ಲಾಡಿಸುತ್ತಿದ್ದ. ಅವಳು ದಿಂಬು ತಂದರೆ ಬೇಕಾಗಿದ್ದು ನೀರು. ಬರುಬರುತ್ತಾ ಅವನು ಗೋಡೆಯ ಕಡೆ ತಿರುಗಿ ಕೂತ, ಅವಳು ಆ ಬಾಯಿಯ ಕಡೆ ನೋಡುವುದನ್ನೇ ಬಿಟ್ಟಳು. ನನ್ನ ಮೇಲೆ ಸಿಟ್ಟು, ಕಹಳೆಯನ್ನು ಮುರಿದವಳು ನಾನಲ್ಲವೇ ಎಂದು ಒಳಗೊಳಗೇ ಬೇಯುತ್ತಿದ್ದಳು.

ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ಕೊಡಿ ಎಂದಿದ್ದರು ಆಸ್ಪತ್ರೆಯವರು. ಅಂದು ಮಧ್ಯಾಹ್ನ ಬಟ್ಟಲು ಅರ್ಧವಾಗುವಷ್ಟರಲ್ಲಿ ಅವನು ಕೈ ಅಡ್ಡ ಹಿಡಿದ. ಅವಳಿಗೆ ಅದು ಮುನಿಸಾಗಿ ಕಂಡಿತು. "ನನ್ನ ಮೇಲಿನ ಸಿಟ್ಟನ್ನ ಅನ್ನದ ಮೇಲೆ ತೀರಿಸ್ಕೋಬೇಡಿ" ಎಂದು ರಮಿಸಿ, ಗದರಿಸಿ, ಪೂರ್ತಿ ತಿನ್ನಿಸಿದಳು. ಸ್ವಲ್ಪ ಹೊತ್ತಿಗೆ ಅವನು ಬೆವೆತು ತೊಪ್ಪೆಯಾದ. ಕೈ ನಡುಗಿತು, ಎದೆ ಡವಗುಟ್ಟುವುದು ಅಂಗಿಯ ಮೇಲೇ ಕಂಡಿತು. ಮೀಸೆಯ ಹಿಂದೆ ಅವನು ಏನೋ ಹೇಳುತ್ತಲೇ ಇದ್ದ. ಡಾಕ್ಟರನ್ನು ಕರೆ ಎಂದೋ, ಮಲಗಿಸು ಎಂದೋ, ಹೋಗಿ ಬರುತ್ತೇನೆ ಎಂದೋ?

"ಏನ್ರೀ ಹೇಳ್ತಿದ್ದೀರಿ? ನಂಗೆ ಕಾಣ್ತಿಲ್ಲ! ಕಾಣ್ತಿಲ್ಲ ನಂಗೆ!" ಎಂದು ಚೀರಿದಳು.

ಮಲಗಿಸಿದ ಮೇಲೆ ನಡುಕ ತಾನಾಗಿ ಇಳಿಯಿತು. ಹೊಟ್ಟೆ ಒಮ್ಮೆಗೇ ತುಂಬಿದರೆ ಹೀಗಾಗುತ್ತದೆ ಎಂದು ಆಸ್ಪತ್ರೆಯವರು ಫೋನಿನಲ್ಲಿ ಮಗಳಿಗೆ ಹೇಳಿದರಂತೆ; ಚೀರು ಕೇಳಿ ಓಡಿ ಬಂದಿದ್ದ ಪಕ್ಕದ ಮನೆಯವಳು ಅದನ್ನು ಇವಳಿಗೆ ತಿಳಿಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅವನು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಬಿದ್ದರೂ ಕೂಗಲಾರ, ಕೂಗಿದರೂ ಇವಳಿಗೆ ಕೇಳದು. ಬಾಗಿಲು ಬಡಿಯಲು ಕೈಯೆತ್ತಿದಳು, ಅಷ್ಟರಲ್ಲಿ ಬಾಗಿಲು ತೆರೆಯಿತು.

ಮೀಸೆ ಇರಲಿಲ್ಲ. ಬಿಸಿಲು ಕಾಣದ ಮೇಲ್ತುಟಿ ಬಿಳುಚಿಕೊಂಡು, ರೇಜರ್ ತಾಗಿದ ಕಡೆ ರಕ್ತ ಜಿನುಗುತ್ತಿತ್ತು. ಯಾರದೋ ಮುಖದಂತೆ ಕಂಡು ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಅವಳ ಕೈ ಹಿಡಿದು ಕಿಟಕಿಯ ಬೆಳಕಿಗೆ ಕರೆದೊಯ್ದ. ಎದುರು ನಿಂತು, ಮಗುವಿಗೆ ಹೇಳಿಕೊಡುವವನಂತೆ ನಿಧಾನವಾಗಿ ತುಟಿ ಆಡಿಸಿದ.

ಸಿಟ್ಟಲ್ಲ ಕಣೇ. ಭಯ.

ಇಷ್ಟು ವರ್ಷ ಅಷ್ಟು ಕೂಗಿದವನು ಈ ಮಾತನ್ನು ಒಮ್ಮೆಯೂ ಆಡಿರಲಿಲ್ಲ. ಅವಳು ಸೆರಗಿನಿಂದ ಅವನ ತುಟಿಯ ರಕ್ತ ಒರೆಸಿದಳು. ಆಮೇಲೆ ಮಗ್ಗದ ಶೆಡ್ಡಿನಲ್ಲಿ ಮಾತಾಡುತ್ತಿದ್ದಂತೆ, ದನಿಯಿಲ್ಲದೆ, ತುಟಿಯಲ್ಲೇ ಹೇಳಿದಳು: ನಂಗೂ.