ಹೊಳೆಯಲ್ಲಿ ನಿಂತ ಮಿಷನ್

ನನ್ನ ಬಾಯಿ ಜೋರು ಎಂದು ತಲ್ಲೂರಿನಲ್ಲಿ ಎಲ್ಲರೂ ಹೇಳುತ್ತಾರೆ. ಇರಬಹುದು. ಒಬ್ಬ ಹೆಂಗಸು ಮಣ್ಣು ಅಗೆಯುವ ಮಿಷನ್ ಇಟ್ಟುಕೊಂಡು, ಡ್ರೈವರು, ಡೀಸೆಲ್ಲು, ಗುತ್ತಿಗೆದಾರರು ಎಲ್ಲರನ್ನೂ ಸುಧಾರಿಸಬೇಕಾದರೆ ಬಾಯಿ ಮೆತ್ತಗಿದ್ದರೆ ನಡೆಯುವುದಿಲ್ಲ. ನನ್ನ ಮಿಷನ್ ಓಡಿಸುವ ಸೂರ ಗಂಗೊಳ್ಳಿಯವನು. ಅರ್ಧ ಆಯಸ್ಸು ಮೀನಿನ ಬೋಟಿನಲ್ಲಿ ಇಂಜಿನ್ ನೋಡಿಕೊಂಡಿದ್ದವನು. ನಾನು ಎಷ್ಟು ಬೈದರೂ ಹಲ್ಲು ಕಿರಿಯುತ್ತಾನೆ, ಆಮೇಲೆ ತನಗೆ ತೋಚಿದ್ದನ್ನೇ ಮಾಡುತ್ತಾನೆ.

ಆ ದಿನ ಬಾರ್ಕೂರಿನ ಹೊಳೆಯಲ್ಲಿ ಕೆಲಸವಿತ್ತು. ನಡುವೆ ಎದ್ದ ಮರಳಿನ ದಿಬ್ಬವೊಂದು ನೀರನ್ನೆಲ್ಲ ಗದ್ದೆಯ ದಂಡೆಯ ಕಡೆಗೆ ತಿರುಗಿಸಿ ದಂಡೆ ಕೊರೆಯುತ್ತಿತ್ತು. ಅದನ್ನು ಅಗೆದು ತೆಗೆಯಬೇಕು. ಸಮುದ್ರದ ಭರತ ಅಲ್ಲಿಯವರೆಗೂ ಏರುತ್ತದೆ. ಇಳಿತದಲ್ಲಿ ಮಿಷನ್ ಇಳಿಸಬೇಕು, ಭರತದ ನೀರು ಬರುವ ಮೊದಲು ದಡಕ್ಕೆ ಹತ್ತಿಸಬೇಕು. ಇದು ಸೂರನಿಗೆ ಯಾರೂ ಕಲಿಸಬೇಕಾದ ವಿಷಯವಲ್ಲ.

ನಾನು ಊಟಕ್ಕೆ ಕೂತಿದ್ದಾಗ ಅವನ ಫೋನ್ ಬಂತು.

"ಅಕ್ಕ, ಮಿಷನ್ ಎಳಿತಿಲ್ಲೆ. ಕೆಂಪ್ ಲೈಟ್ ಹೊತ್ಕಂಡಿತ್. ಪಂಪೇ ಹೋಯ್ತ್ ಕಾಣತ್ತ್."

ತಟ್ಟೆ ಸರಿಸಿ ಎದ್ದೆ. ಮಿಷನ್ನಿಗೆ ಪಂಪ್ ಎಂದರೆ ಮನುಷ್ಯನಿಗೆ ಎದೆ ಇದ್ದ ಹಾಗೆ. ಅದು ಎಣ್ಣೆಯನ್ನು ಒತ್ತಿ ಕಳಿಸಿದರೇ ಕೈ ಏಳುವುದು, ಚಕ್ರದ ಬದಲಿಗಿರುವ ಚೈನು ಉರುಳುವುದು. ಬ್ರಹ್ಮಾವರದ ಮೆಕ್ಯಾನಿಕ್ ಗೌರೀಶನಿಗೆ ಫೋನ್ ಮಾಡಿ, ಸ್ಕೂಟಿ ಹತ್ತಿ ಹೊರಟೆ.

ನಾನು ಮುಟ್ಟುವಾಗ ಭರತ ಶುರುವಾಗಿತ್ತು. ದಂಡೆಗೂ ದಿಬ್ಬಕ್ಕೂ ನಡುವೆ ಬೆಳಿಗ್ಗೆ ಮೊಣಕಾಲಿನವರೆಗೆ ಇದ್ದ ನೀರು ಈಗ ಸೊಂಟದ ಮಟ್ಟಕ್ಕೆ ಬಂದಿತ್ತು. ಗೌರೀಶ ಟೂಲ್ಸ್ ಚೀಲ ತಲೆಯ ಮೇಲಿಟ್ಟುಕೊಂಡು ದಾಟಿ ಹೋದ. ಸೂರ ಕ್ಯಾಬಿನ್ನಿನಲ್ಲಿ ಕೂತೇ ಇದ್ದ. ಗೌರೀಶ ತನ್ನ ಫೋನಿನಿಂದ ನನಗೆ ಕರೆ ಮಾಡಿ, ಸ್ಪೀಕರಿಗೆ ಹಾಕಿ ಸೀಟಿನ ಪಕ್ಕ ಇಟ್ಟ. ಹಾಗಾಗಿ ಅಲ್ಲಿ ಆಡಿದ ಮಾತೆಲ್ಲ ದಂಡೆಯ ಮೇಲೆ ನಿಂತ ನನಗೆ ಕೇಳುತ್ತಿತ್ತು.

"ಪಂಪಿನ ಸೆನ್ಸರ್ ಎರರ್ ತೋರ್ಸ್ತಾ ಇತ್ತ್ ಅಕ್ಕ," ಎಂದ ಗೌರೀಶ. "ಎಣ್ಣೆ ಎಷ್ಟ್ ಒತ್ತಡದಗ್ ಇತ್ತಂದ್ ಆ ಸೆನ್ಸರ್ ಹೇಳ್ಕ್. ಅದ್ ಹೇಳ್ದಿದ್ರೆ ಮಿಷನ್ ಹೆದ್ರಿ ಅರ್ಧ ಶಕ್ತಿನೂ ಕೊಡುದಿಲ್ಲ. ಹೊಸ ಸೆನ್ಸರ್ ತಂದಿದೆ, ಹಾಕಿ ಕಾಂಬ."

ಹೊಸದು ಹಾಕಿದ. ಕೆಂಪು ಲೈಟ್ ಹೋಗಲಿಲ್ಲ.

ಚೈನು ಅರ್ಧ ಮುಳುಗಿತ್ತು. ನನಗೆ ತಡೆಯಲಾಗಲಿಲ್ಲ. ದಂಡೆಯ ಪಕ್ಕದ ಮನೆಯವರ ದೋಣಿ ಕೇಳೋಣವೆಂದು ಓಡಿದರೆ, ಅದು ತಳ ತೂತಾಗಿ ಮಗುಚಿ ಬಿದ್ದಿತ್ತು. ವಾಪಸು ಬಂದು ಫೋನಿನಲ್ಲಿ ಕಿರುಚಿದೆ.

"ಹ್ವಾಯ್ ಸೂರಾ! ಮಿಷನ್ ಹೋರೆ ಹೋಯ್ಲಿ, ನೀ ಇಳ್ದ್ ಬಾ!"

"ನಾ ಬತ್ತಿಲ್ಲೆ ಅಕ್ಕ."

"ನಿಂಗೆ ಮಂಡೆ ಸಮ ಇಲ್ಯಾ? ಇಳಿ ಅಂದ್ರೆ ಇಳಿ!"

"ಮಿಷನ್ ಬಿಟ್ಟ್ ನಾ ಬತ್ತಿಲ್ಲೆ."

ಸಿಟ್ಟಿನ ಜೊತೆಗೇ ಎದೆ ತುಂಬಿ ಬಂತು. ಎಂಥ ನಿಯತ್ತಿನ ಮನುಷ್ಯ! ಇಂಥವನಿಗೆ ನಾನು ದಿನಾ ಬೈಯುತ್ತಿದ್ದೆನಲ್ಲ ಎಂದು ನನ್ನ ಮೇಲೇ ಬೇಸರವಾಯಿತು. ಆದರೂ ಇಳಿ ಇಳಿ ಎಂದು ಕೂಗುವುದನ್ನು ನಿಲ್ಲಿಸಲಿಲ್ಲ.

ಗೌರೀಶ ಮಾತ್ರ ಗಡಿಬಿಡಿ ಮಾಡಲಿಲ್ಲ. ಪಂಪಿಗೆ ನೇರವಾಗಿ ಒತ್ತಡ ತೋರಿಸುವ ಮುಳ್ಳಿನ ಗೇಜ್ ಸಿಕ್ಕಿಸಿದ. ಸೂರ ಲಿವರ್ ಎಳೆದ. ಆಮೇಲೆ ಗೌರೀಶನ ನಗು ಕೇಳಿತು.

"ಅಕ್ಕ, ಪಂಪ್ ಗುಂಡಕಲ್ಲ್ ಇದ್ದಾಂಗ್ ಇತ್ತ್! ಎಂತದೂ ಆಯ್ಲಿಲ್ಲೆ."

ನನಗೆ ಅರ್ಧ ಜೀವ ಬಂತು. ಪಂಪ್ ಸರಿ ಇದೆ, ಸೆನ್ಸರ್ ಹೊಸದು. ಹಾಗಾದರೆ ತೊಂದರೆ ಇರುವುದು ನಡುವಿನ ವಯರಿನಲ್ಲಿ. ಗೌರೀಶ ಮೀಟರ್ ಇಟ್ಟು ನೋಡಿದರೆ ಸೆನ್ಸರಿನ ಪ್ಲಗ್ಗಿಗೆ ಕರೆಂಟೇ ಬರುತ್ತಿರಲಿಲ್ಲ. "ಊರಿಗ್ ಬಂದವ್ಳ್ ನೀರಿಗ್ ಬರ್ದೇ ಇರ್ತ್ಳಾ? ಎಲ್ಲಾದ್ರೂ ಸಿಕ್ಕತ್ತ್," ಎನ್ನುತ್ತಾ ವಯರನ್ನು ಹಿಡಿದುಕೊಂಡು ಹಿಂದೆ ಹಿಂದೆ ಹೋದ. ಸೀಟಿನ ಹಿಂದೆ ವಯರುಗಳು ಕೂಡುವ ಒಂದು ಜಾಯಿಂಟ್ ಇತ್ತು. ಅದನ್ನು ಬಿಚ್ಚಿದ.

"ಸೂರಣ್ಣ, ಇದ್ರೊಳ್ಗೆ ಗ್ರೀಸ್ ತುಂಬ್ಸದ್ ಯಾರ್?"

"ನಾನೇ," ಎಂದ ಸೂರ, ಕೊಂಚ ಹೆಮ್ಮೆಯಿಂದಲೇ. "ನಿನ್ನೆ ಹಾಕ್ದೆ. ಉಪ್ಪ್ ನೀರಗ್ ಕೆಲ್ಸ ಅಲ್ದಾ? ಬೋಟಗ್ ನಾವ್ ಎಲ್ಲದ್ಕೂ ಗ್ರೀಸ್ ಮೆತ್ತುದೇ. ತುಕ್ಕ್ ಹಿಡಿತಿಲ್ಲೆ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ. ಬೋಟಿನ ಸರಪಳಿಗೆ ಅದು ಸರಿ. ಆದರೆ ಸೆನ್ಸರಿಗೆ ಹೋಗುವ ಕರೆಂಟ್ ತೀರಾ ಸಣ್ಣದು. ಬಿಸಿಲಿಗೆ ಕರಗಿದ ಗ್ರೀಸ್ ಮರಳಿನ ಪುಡಿ ಸಮೇತ ಪಿನ್ನುಗಳ ನಡುವೆ ಇಳಿದು, ಆ ಚೂರು ಕರೆಂಟನ್ನೂ ತಡೆದಿತ್ತು. ಫೋನಿನಲ್ಲೇ ಅವನ ವಂಶವನ್ನೆಲ್ಲ ನೆನೆದು ಬೈದೆ. ನಿಜ ಹೇಳಬೇಕೆಂದರೆ ಬೈಯುತ್ತಿರುವಾಗಲೇ ನನಗೆ ಖುಷಿಯಾಗುತ್ತಿತ್ತು.

ಗೌರೀಶ ಸ್ಪ್ರೇ ಹೊಡೆದು, ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಒರೆಸಿ ಜೋಡಿಸಿದ. ನೀರು ಚೈನಿನ ಮೇಲೆ ಹರಿಯತೊಡಗಿತ್ತು. ಕೀ ತಿರುಗಿಸಿದ್ದು ಕೇಳಿತು. ಕೆಂಪು ಲೈಟ್ ಹೋಯಿತು ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಇಂಜಿನ್ನಿನ ಸದ್ದು ಗಟ್ಟಿಯಾಯಿತು, ಮಿಷನ್ ಬಕೆಟ್ಟನ್ನು ಮುಂದಕ್ಕೆ ಊರಿ, ಮೈ ಎಳೆದುಕೊಂಡು, ನೀರು ಸೀಳುತ್ತಾ ಬಂದು ದಂಡೆ ಹತ್ತಿತು. ಹೋದ ಜೀವ ಬಂದಂತಾಗಿ ನಾನು ಹುಲ್ಲಿನ ಮೇಲೆ ಕೂತುಬಿಟ್ಟೆ.

ಸೂರ ಇಳಿದು ಬಂದ. ನಾನು ಕಣ್ಣೊರೆಸಿಕೊಂಡೆ.

"ಅಲ್ಲ ಮಾರಾಯ, ಮಿಷನ್ನಿಗಾಯಿ ಜೀವ ಬಿಡೂಕ್ ಹೊರಟಿದ್ಯಲ್ಲ! ನಾ ಅಷ್ಟ್ ಕೂಗ್ದ್ರೂ ಎಂತಕ್ ಇಳಿಲಿಲ್ಲೆ?"

ಅವನು ಗೌರೀಶನನ್ನು ನೋಡಿದ, ನೆಲ ನೋಡಿದ. ಆಮೇಲೆ ಸಣ್ಣ ಸ್ವರದಲ್ಲಿ ಹೇಳಿದ.

"ನಂಗ್ ಈಸೂಕ್ ಬತ್ತಿಲ್ಲೆ ಅಕ್ಕ."

"ಎಂತ? ಅಷ್ಟ್ ವರ್ಷ ಬೋಟಗ್ ಇದ್ದವ್ನಿಗ್ ಈಸೂಕ್ ಬತ್ತಿಲ್ಯಾ?"

"ಬೋಟಗ್ ಇದ್ದವ ಬೋಟಗೇ ಇಪ್ಪುದಲ್ದಾ? ನೀರಿಗ್ ಎಂತಕ್ ಇಳೀಕ್?"

ಗೌರೀಶ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ನಗುತ್ತಾ ಹೊಳೆಯ ಕಡೆ ತಿರುಗಿದೆ. ದಿಬ್ಬ ಎಲ್ಲಿತ್ತೆಂದು ಹುಡುಕಿದರೂ ಕಾಣಲಿಲ್ಲ. ಇವನು ಇಳಿದು ದಾಟಿ ಬರಲಿ ಎಂದು ನಾನು ಕಿರುಚಿದ್ದ ಜಾಗದಲ್ಲಿ ನೀರು ಸುಳಿ ಸುತ್ತಿ ಹರಿಯುತ್ತಿತ್ತು.

ನಗು ನಿಂತಿತು. ನಾನು ಸೂರನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಪುಣ್ಯಾತ್ಮ, ನನ್ನ ಮಾತು ಕೇಳಿರಲಿಲ್ಲ.