ಹಿಂಬಾಗಿಲ ಕ್ಯಾಮೆರಾ

ಲ್ಯಾಬ್ರಡಾರಿನ ಆ ಊರಲ್ಲಿ ನವೆಂಬರಿನ ನದಿಯ ತೆಳು ಮಂಜುಗಡ್ಡೆಯನ್ನು ನಂಬುವವರೆಂದರೆ ಕುಡುಕರು ಮತ್ತು ಎಲ್ಡ್ರೆಡ್ ರಂಬೋಲ್ಟ್. ಎಂಬತ್ತೆರಡರ ಎಲ್ಡ್ರೆಡ್‌ಗೆ ಆಚೆ ದಡದ ತನ್ನ ದೋಣಿ ಶೆಡ್ಡೊಂದನ್ನು ಬಿಟ್ಟು ಬೇರೇನೂ ನೆನಪಿರುತ್ತಿರಲಿಲ್ಲ. ಕಿವಿಯೂ ಅಷ್ಟಕ್ಕಷ್ಟೆ. ಮಗಳು ವರ್ನಾ ಕೂಗಿದರೆ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. "ಅಲ್ಲೇ ಕೂತಿರಪ್ಪ" ಎಂದರೂ "ಬಂದೆ ಮಗಳೇ" ಎಂದು ಎದ್ದು ಬರುತ್ತಿದ್ದ. ಎರಡು ಸಲ ನದಿಯತ್ತ ಹೊರಟವನನ್ನು ಊರವರು ಹಿಡಿದು ತಂದಿದ್ದರು. ಮೂರನೇ ಸಲ ಯಾರೂ ನೋಡದಿದ್ದರೆ ಎಂಬ ದಿಗಿಲು ವರ್ನಾಳನ್ನು ತಿನ್ನುತ್ತಿತ್ತು.

ಪ್ರಾಂತ್ಯದ ರಾಜಧಾನಿ ಸೇಂಟ್ ಜಾನ್ಸ್‌ನಲ್ಲಿದ್ದ ತಮ್ಮ ಲಾರ್ನ್ ಬಂದು ಎರಡೂ ಬಾಗಿಲಿಗೆ ಕ್ಯಾಮೆರಾ ಕೂರಿಸಿದ. ವೈರು ಎಳೆಯುವ ರಗಳೆಯಿಲ್ಲ. ಚಿತ್ರವೆಲ್ಲ ಮನೆಯ ವೈಫೈ ಮೂಲಕ ಹೋಗಿ ಬೀರುವಿನಲ್ಲಿಟ್ಟ ಸ್ಟೋರೇಜ್ ಡಬ್ಬಿಗೆ ಬೀಳುತ್ತಿತ್ತು. ಬಾಗಿಲಲ್ಲಿ ಯಾರು ಅಲುಗಿದರೂ ವರ್ನಾಳ ಫೋನಿಗೆ ಸುದ್ದಿ. ಆದರೆ ಡಬ್ಬಿಯನ್ನು ತನ್ನ ಮನೆಯಲ್ಲೇ ಸಜ್ಜು ಮಾಡಿ ತಂದಿದ್ದರಿಂದ ಅದು ಸೇಂಟ್ ಜಾನ್ಸ್ ಸಮಯವನ್ನೇ ತೋರಿಸುತ್ತಿತ್ತು, ಇಲ್ಲಿಗಿಂತ ಅರ್ಧ ಗಂಟೆ ಮುಂದೆ.

"ನಿಮ್ಮೂರ ಜಂಭ ಈ ಡಬ್ಬಿಗೂ ಅಂಟಿದೆ ಕಣೋ" ಎಂದು ವರ್ನಾ ಛೇಡಿಸಿದ್ದಳು.

"ಸರಿ ಮಾಡ್ತೀನಕ್ಕ. ಅಲ್ಲೀವರೆಗೆ ಅರ್ಧ ಗಂಟೆ ಕಳೆದು ನೋಡು."

ಹಾಗೇ ನೋಡಿ ನೋಡಿ ಅವಳಿಗೆ ರೂಢಿಯಾಯಿತು.

ಆ ಬುಧವಾರ ಬೆಳಗಿನಿಂದ ಸುರಿದ ಹಿಮ ಮಧ್ಯಾಹ್ನ ನಿಂತಿತು. ಮನೆಯಿಂದ ಯಾರೂ ಹೊರಗೆ ಕಾಲಿಟ್ಟಿರಲಿಲ್ಲ. ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುತ್ತಿದ್ದ ವರ್ನಾಳ ಫೋನು ಗುಂಯ್ ಎಂದಿತು. ಹಿಂಬಾಗಿಲು. ಅಪ್ಪ ಮನೆಯ ಚಪ್ಪಲಿಯಲ್ಲೇ ಮೆಟ್ಟಿಲಿಳಿಯುತ್ತಿದ್ದ. ಯಾರೋ ಕರೆದಂತೆ ತಲೆಯೆತ್ತಿ, ಏನೋ ಅಂದು, ನದಿಯ ಕಡೆ ನಡೆದ. ಚಿತ್ರದ ಮೂಲೆಯಲ್ಲಿ 3:40. ಅಂದರೆ 3:10. ಫೋನಿನ ಗಡಿಯಾರವೂ 3:10 ಎನ್ನುತ್ತಿತ್ತು.

ಮೇಲೆ ಅಪ್ಪನ ಕುರ್ಚಿ ಖಾಲಿ. ಹಿಂಬಾಗಿಲ ಚಿಲಕ ಎಳೆದು ದಡಕ್ಕೆ ಓಡಿದಳು. ಯಾರೂ ಇಲ್ಲ. ಆಗಲೇ ದಾಟಿಬಿಟ್ಟಿರಬೇಕು. ಹಿಮದ ಮೇಲೆ ಹೆಜ್ಜೆ ಹುಡುಕುವ ಬುದ್ಧಿ ಅಲ್ಲೇ ಹುಟ್ಟಿ ಬೆಳೆದ ಅವಳಿಗೂ ಆ ಗಾಬರಿಯಲ್ಲಿ ಬರಲಿಲ್ಲ. ಟ್ರಕ್ ಹತ್ತಿ ದೂರದ ಸೇತುವೆ ಸುತ್ತಿ ಶೆಡ್ಡಿಗೆ ಬಂದಳು. ಅಲ್ಲಿಯೂ ಇಲ್ಲ. "ಅಪ್ಪಾ, ಅಪ್ಪಾ" ಎಂದು ಗಂಟಲು ಬಿರಿಯುವಂತೆ ಕೂಗಿ ಕೂಗಿ ಕೊನೆಗೆ ಲಾರ್ನ್‌ಗೆ ಫೋನು ಮಾಡಿದಳು.

"ಅಪ್ಪ ಸಿಗ್ತಿಲ್ಲ ಕಣೋ. ಮೂರು ಹತ್ತಕ್ಕೇ ಹೊರಟಿದಾರೆ. ಡಬ್ಬೀಲಿ ಮೂರು ನಲವತ್ತು ಅಂತಿದೆ, ನಿಮ್ಮೂರ ಟೈಮು."

"ನಮ್ಮೂರ ಟೈಮಲ್ಲಕ್ಕ. ಭಾನುವಾರನೇ ಇಲ್ಲಿಂದ್ಲೇ ಸರಿ ಮಾಡ್ದೆ, ಹೇಳೋದು ಮರೆತೆ. ಈಗ ತೋರ್ಸೋದು ನಿಮ್ಮ ಟೈಮೇ."

"ಮೂರು ನಲವತ್ತು ಇನ್ನೂ ಆಗೇ ಇಲ್ವಲ್ಲೋ."

ವರ್ನಾ ಚಿತ್ರವನ್ನು ಮತ್ತೆ ತೆರೆದಳು. ಮೆಟ್ಟಿಲ ಮೇಲಿನ ಹಿಮದಲ್ಲಿ ಅಪ್ಪನಿಗಿಂತ ಮೊದಲೇ ಯಾರೋ ನಡೆದ ಗುರುತಿತ್ತು. ಅವಳದೇ ಬೂಟು. ಆಗ ಒಂದೊಂದಾಗಿ ನೆನಪಾಯಿತು: ಚಿಲಕ ಒಳಗಿನಿಂದ ಹಾಕಿಯೇ ಇತ್ತು, ಬಚ್ಚಲಲ್ಲಿ ದೀಪ ಉರಿಯುತ್ತಿತ್ತು. ಆಗ ಅಪ್ಪ ಅಲ್ಲೇ ಇದ್ದ. ಓಡುವ ಭರದಲ್ಲಿ ಬಾಗಿಲನ್ನು ಅವಳೇ ತೆರೆದಿಟ್ಟು ಬಂದಿದ್ದಳು.

"ಬಂದೆ ಮಗಳೇ" ಎಂದಿತು ಮನೆಯ ಕಡೆಯ ದಡದಿಂದ ಮುದಿ ದನಿ. "ಬಂದೆ."

ಬೇಡ ಎನ್ನಲು ತೆರೆದ ಬಾಯನ್ನು ವರ್ನಾ ಎರಡೂ ಕೈಯಿಂದ ಮುಚ್ಚಿಕೊಂಡಳು. ಏನೆಂದು ಕೂಗಿದರೂ ಅಪ್ಪನಿಗೆ ಅದು ಬಾ ಎಂದೇ. ಅಷ್ಟರಲ್ಲಿ ಫೋನು ಮತ್ತೆ ಗುಂಯ್ ಎಂದಿತು. ಹಿಂಬಾಗಿಲು, 4:15. ಈಗಿನ್ನೂ 3:45.

ಅವಳು ಅದನ್ನು ತೆರೆಯಲಿಲ್ಲ. ಮೊದಲನೆಯದನ್ನು ನೋಡಿದ್ದಕ್ಕೇ ಇಷ್ಟೆಲ್ಲ ಆಗಿತ್ತು. ಫೋನನ್ನು ಹಿಮದಲ್ಲಿ ಕವುಚಿ ಹಾಕಿ, ಕೂಗು ಹೊರಬೀಳದಂತೆ ಕೈಗವಸನ್ನು ಹಲ್ಲಲ್ಲಿ ಕಚ್ಚಿ, ಟ್ರಕ್ಕಿನತ್ತ ಓಡಿದಳು. ಮನೆಯ ಕಡೆಯ ದಡದಲ್ಲಿ ಅಪ್ಪ ಮಂಜುಗಡ್ಡೆಯ ಮೇಲೆ ಒಂದು ಕಾಲಿಟ್ಟು, ಇನ್ನೊಂದು ಕೂಗಿಗೆ ಕಾಯುತ್ತ ನಿಂತಿದ್ದ.